ಸಕ್ಕರೆ ಇಳಿಯಿತು, ಕೀಟೋನ್ ಇಳಿಯಲಿಲ್ಲ

ಮಂಚದ ಬಲಗಡೆ ನಿಲ್ಲಿ. ಎಡಗಡೆ ಸಿರಿಂಜ್ ಪಂಪು, ಮಾನಿಟರು, ಸಿಸ್ಟರ್ ಓಡಾಡುವ ಜಾಗ. ಈಗ ರಾತ್ರಿ 11 ಗಂಟೆ 10 ನಿಮಿಷ. 108 ಆಂಬುಲೆನ್ಸಿನ ಹುಡುಗರು ಸಹಿ ಹಾಕಿಸಿಕೊಂಡು ಈಗಷ್ಟೇ ಹೊರಟರು. ಏನನ್ನೂ ಮುಟ್ಟುವ ಮೊದಲು ಈ ಮಗುವಿನ ಉಸಿರನ್ನು ಒಂದು ನಿಮಿಷ ಕೇಳಿಸಿಕೊಳ್ಳಿ.

12 ವರ್ಷದ ಹುಡುಗಿ. ತೂಕ 30 ಕೆಜಿ; ಡಿಸೆಂಬರಿನಲ್ಲಿ ಶಾಲೆಯವರು ತೂಗಿದಾಗ 35 ಇತ್ತೆಂದು ತಾಯಿ ಹೇಳುತ್ತಾರೆ. ಕಣ್ಣು ಒಳಕ್ಕೆ ಹೋಗಿವೆ, ತುಟಿ ಸಿಪ್ಪೆ ಎದ್ದಿದೆ. ಎದೆ ಒಂದೇ ಲಯದಲ್ಲಿ ಜೋರಾಗಿ ಏರುತ್ತದೆ, ಇಳಿಯುತ್ತದೆ, ನಡುವೆ ಬಿಡುವೇ ಇಲ್ಲ. ನಿಮಿಷಕ್ಕೆ 38 ಸಲ. ನೋಡಿದವರು ದಮ್ಮು ಅಂದುಕೊಳ್ಳುತ್ತಾರೆ. ದಾರಿಯಲ್ಲಿ ಯಾರೋ ಹಾಗೆಂದುಕೊಂಡು ನೆಬ್ಯುಲೈಸರ್ ಕೊಟ್ಟೂ ಇದ್ದಾರೆ. ಆದರೆ ಸ್ಟೆತಾಸ್ಕೋಪ್ ಇಟ್ಟರೆ ಎರಡೂ ಶ್ವಾಸಕೋಶ ಸ್ವಚ್ಛ, ಸುಂಯ್ ಎನ್ನುವ ಸದ್ದೂ ಇಲ್ಲ. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ ಆಕ್ಸಿಜನ್ 99. ಅವಳಿಗೆ ಗಾಳಿ ಸಾಲದಾಗಿಲ್ಲ. ರಕ್ತ ಹುಳಿಯಾಗಿದೆ, ಆ ಆಮ್ಲವನ್ನು ಇಂಗಾಲದ ಡೈ ಆಕ್ಸೈಡ್ ಮಾಡಿ ಆಚೆ ದಬ್ಬಲು ದೇಹ ಪಾಡು ಪಡುತ್ತಿದೆ. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮಾಲ್ 1874ರಲ್ಲಿ ಈ ಉಸಿರಾಟವನ್ನು ವಿವರಿಸಿ ಬರೆದ. ಇವತ್ತಿಗೂ ಅವನ ಹೆಸರಿನಲ್ಲೇ ಕರೆಯುತ್ತೇವೆ. ಸ್ವಲ್ಪ ಬಾಗಿ, ಅವಳ ಬಾಯಿಯ ಹತ್ತಿರ. ಮಾಗಿ ಕೊಳೆಯತೊಡಗಿದ ಹಣ್ಣಿನ ವಾಸನೆ ಬಂತೇ? ಎಲ್ಲರ ಮೂಗಿಗೂ ಅದು ಹತ್ತುವುದಿಲ್ಲ. ಹತ್ತಿದವರು ಮರೆಯುವುದಿಲ್ಲ.

“ಹದಿನೈದು ದಿನದಿಂದ ನೀರು, ನೀರು ಅಂತಿದ್ಲು ಮೇಡಂ. ರಾತ್ರಿ ನಾಕೈದು ಸಲ ಒಂದಕ್ಕೆ ಏಳೋಳು. ಬಿಸಿಲಿಗೆ ಅಂದ್ಕೊಂಡ್ವಿ. ನಿನ್ನೆಯಿಂದ ಹೊಟ್ಟೆನೋವು, ವಾಂತಿ. ಸುಸ್ತಾಗ್ಬಾರ್ದು ಅಂತ ಗ್ಲೂಕೋಸ್ ಪುಡಿ ಕಲಸಿ ಕುಡಿಸ್ತಾನೇ ಇದ್ವಿ.”

ತಾಯಿ ಕೊನೆಯ ಮಾತನ್ನು ನೆಲ ನೋಡಿಕೊಂಡು ಹೇಳುತ್ತಾರೆ. ಗ್ಲುಕೋಮೀಟರಿನ ತೆರೆಯ ಮೇಲೆ ಅಂಕಿಯ ಬದಲು ‘ಹೈ’ ಎಂದು ಬಂದದ್ದನ್ನು ಅವರೂ ನೋಡಿದ್ದಾರೆ. ಆ ಮೀಟರ್ 600ರ ಮೇಲೆ ಲೆಕ್ಕ ಹೇಳುವುದಿಲ್ಲ.

“ನೀವ್ ಕುಡಿಸಿದ್ರಿಂದ ಬಂದ ಕಾಯಿಲೆ ಅಲ್ಲಮ್ಮ ಇದು. ಆಮೇಲೆ ಕೂತು ಮಾತಾಡೋಣ. ಈಗ ಇಲ್ಲೇ ಇರಿ, ಅವಳ ಕಾಲ ಹತ್ರ.”

ಬಲಗೈಗೆ ಒಂದು ಸೂಜಿ, ಎಡಗೈಗೆ ಇನ್ನೊಂದು. ಬಲಗೈಯಲ್ಲಿ ನಾರ್ಮಲ್ ಸಲೈನ್ ಹರಿಯತೊಡಗುತ್ತದೆ, ಕೆಜಿಗೆ 10 ಎಂಎಲ್ ಲೆಕ್ಕದಲ್ಲಿ 300. ಪಿಜಿ ವೈದ್ಯ ರಕ್ತದ ಸಿರಿಂಜು ಹಿಡಿದು ಬ್ಲಡ್ ಗ್ಯಾಸ್ ಮೆಷಿನ್ನಿನ ಕಡೆ ಓಡುತ್ತಾನೆ. ಅವನು ವಾಪಸು ಬರುವಷ್ಟರಲ್ಲಿ ಸಿಸ್ಟರ್ ಬೀರುವಿನ ಬೀಗ ತೆಗೆದು ಇನ್ನೊಂದು ಪುಟ್ಟ ಮೀಟರ್ ತಂದಿರುತ್ತಾರೆ. ಬೆರಳ ತುದಿಯಿಂದ ಒಂದು ಹನಿ. 10 ಸೆಕೆಂಡ್. ತೆರೆಯ ಮೇಲೆ 6.4.

ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್, ಲೀಟರಿಗೆ 6.4 ಮಿಲಿಮೋಲ್. ಆರೋಗ್ಯವಂತರ ರಕ್ತದಲ್ಲಿ ಅದು 0.6ರ ಒಳಗಿರುತ್ತದೆ, 3 ದಾಟಿ, ಜೊತೆಗೆ ರಕ್ತ ಆಮ್ಲೀಯವಾಗಿದ್ದರೆ ಡಯಾಬಿಟಿಕ್ ಕೀಟೋಅಸಿಡೋಸಿಸ್. ವಾರ್ಡಿನಲ್ಲಿ ಯಾರೂ ಇಷ್ಟುದ್ದ ಹೇಳುವುದಿಲ್ಲ, ಡಿಕೆಎ ಅಂತಾರೆ. ಗ್ಯಾಸ್ ಚೀಟಿ ಬಂತು: ಪಿಎಚ್ 7.06, ಬೈಕಾರ್ಬೊನೇಟ್ 5. ಲ್ಯಾಬಿನಿಂದ ಸಕ್ಕರೆ 612, ಸೋಡಿಯಂ 129, ಪೊಟ್ಯಾಸಿಯಂ 5.1. ಪಿಎಚ್ 7.1ಕ್ಕಿಂತ ಕೆಳಗೆ ಹೋದರೆ ತೀವ್ರ ಎಂದು ಲೆಕ್ಕ. ಈ ಮಗು ಅಲ್ಲಿದೆ.

ಸಲೈನ್ ಹರಿಯುವ ಈ ಒಂದು ಗಂಟೆ ಇನ್ಸುಲಿನ್ ಕೊಡುವುದಿಲ್ಲ. ಮಕ್ಕಳಲ್ಲಿ ಮೊದಲು ನೀರು, ಆಮೇಲೆ ಇನ್ಸುಲಿನ್. ಕೈಗೆ ಬಿಡುವಿದೆ, ಹೇಳಿಬಿಡುತ್ತೇನೆ.

ಕಣಜ ತುಂಬಿ ತುಳುಕುತ್ತಿದೆ, ಒಲೆಯ ಮೇಲಿನ ಪಾತ್ರೆಗೆ ಒಂದು ಕಾಳೂ ಬೀಳುತ್ತಿಲ್ಲ. ಇವಳ ಮೈಯೊಳಗೆ ಆಗಿರುವುದು ಅದು. ರಕ್ತದಲ್ಲಿ ಸಕ್ಕರೆ 612 ಇದೆ. ಸ್ನಾಯು, ಕೊಬ್ಬಿನ ಜೀವಕೋಶಗಳು ಅದನ್ನು ಒಳಗೆ ಬಿಟ್ಟುಕೊಳ್ಳಲು ಇನ್ಸುಲಿನ್ ಬೇಕು. ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹದ ರೋಗನಿರೋಧಕ ಪಡೆಯೇ ಕೊಂದುಹಾಕಿದೆ. ಟೈಪ್ 1 ಡಯಾಬಿಟಿಸ್ ಅಂದರೆ ಅದೇ. ಉಪವಾಸ ಬಿದ್ದೆವೆಂದು ತಿಳಿದ ದೇಹ ಕೂಡಿಟ್ಟ ಕೊಬ್ಬಿಗೆ ಕೈ ಹಾಕುತ್ತದೆ. ಕೊಬ್ಬಿನ ಒಂದೊಂದು ಅಣು ಒಡೆದಾಗಲೂ ಮೂರು ಕೊಬ್ಬಿನಾಮ್ಲ, ಒಂದು ಗ್ಲಿಸರಾಲ್ ಹೊರಬೀಳುತ್ತವೆ. ಕೊಬ್ಬಿನಾಮ್ಲಗಳು ಲಿವರಿಗೆ ಹೋಗಿ ಕೀಟೋನ್ ಆಗುತ್ತವೆ. ರಕ್ತವನ್ನು ಹುಳಿ ಮಾಡಿರುವುದು ಅವೇ. ಮಾಮೂಲಿ ದಿನಗಳಲ್ಲಿ ಇದೆಲ್ಲಕ್ಕೂ ತಡೆ ಹಾಕಿ ಕೂತಿರುವುದು ಇನ್ಸುಲಿನ್. ಅದೂ ತೀರಾ ಸ್ವಲ್ಪ ಇದ್ದರೆ ಸಾಕು. ಸಕ್ಕರೆಯನ್ನು ಕೋಶದೊಳಗೆ ಕಳಿಸಲು ಬೇಕಾಗುವುದಕ್ಕಿಂತ ಬಹಳ ಕಡಿಮೆ ಇನ್ಸುಲಿನ್ ಕೊಬ್ಬು ಕರಗುವುದನ್ನು ತಡೆಯುತ್ತದೆ. ಅಷ್ಟೂ ಇಲ್ಲವಾದಾಗ ಈ ಸ್ಥಿತಿ.

ಹೀಗಾಗಿ ಇವತ್ತು ರಾತ್ರಿ ನಮ್ಮ ಕೆಲಸ ಸಕ್ಕರೆ ಇಳಿಸುವುದು ಅಂದುಕೊಂಡರೆ ದಾರಿ ತಪ್ಪುತ್ತೇವೆ. ಕೀಟೋನ್ ತಯಾರಾಗುವುದು ನಿಲ್ಲಬೇಕು. ಸಕ್ಕರೆ ತನ್ನ ಪಾಡಿಗೆ ಇಳಿಯುತ್ತದೆ.

12.20. ಸಿಸ್ಟರ್ ಇನ್ಸುಲಿನ್ ಬೆರೆಸುವುದನ್ನು ಹತ್ತಿರದಿಂದ ನೋಡಿ. ಪ್ಲೇನ್ ಇನ್ಸುಲಿನ್ ಸೀಸೆ, ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು 100 ಯೂನಿಟ್ಟಿನ ಇನ್ಸುಲಿನ್‌ಗೆ. ಎರಡೂ ಒಂದೇ ಟ್ರೇಯಲ್ಲಿ ಬಿದ್ದಿದ್ದರೆ ಅದಲುಬದಲಾಗಿ ಎರಡೂವರೆ ಪಟ್ಟು ಹೆಚ್ಚುಕಡಿಮೆ ಆಗಿಬಿಡುತ್ತದೆ. ಅದಕ್ಕೇ ಅವರು ಮುಚ್ಚಳವನ್ನು ದೀಪಕ್ಕೆ ಹಿಡಿದು, “ಕೆಂಪು, ನಲವತ್ತು” ಎಂದು ಬಾಯಿಬಿಟ್ಟು ಹೇಳುತ್ತಾರೆ. ಪಿಜಿ ಸೀಸೆ ನೋಡಿ “ನಲವತ್ತು” ಅನ್ನುತ್ತಾನೆ. 50 ಯೂನಿಟ್ ಎಳೆದು ಸಲೈನ್ ಸೇರಿಸಿ 50 ಎಂಎಲ್ ಮಾಡುತ್ತಾರೆ. ಈಗ ಒಂದು ಎಂಎಲ್ ಅಂದರೆ ಒಂದು ಯೂನಿಟ್. ಆಮೇಲೆ ಆ ದ್ರವದಲ್ಲಿ ಒಂದಿಷ್ಟನ್ನು ಕೊಳವೆಯೊಳಗೆ ಹರಿಸಿ ಸಿಂಕಿಗೆ ಚೆಲ್ಲುತ್ತಾರೆ. ದುಬಾರಿ ಔಷಧ ಚೆಲ್ಲುತ್ತಿದ್ದಾರಲ್ಲ ಅನಿಸಬಹುದು. ಇನ್ಸುಲಿನ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಕೊಳವೆಯ ಒಳಮೈ ಮೊದಲೇ ಕುಡಿದು ತೃಪ್ತವಾಗದಿದ್ದರೆ ಮಗುವಿಗೆ ಮೊದಮೊದಲು ಹೋಗುವ ಇನ್ಸುಲಿನ್ ಲೆಕ್ಕಕ್ಕಿಂತ ಕಡಿಮೆ.

12.30. ಎಡಗೈಯ ಸೂಜಿಗೆ ಪಂಪು ಸೇರಿತು. ಗಂಟೆಗೆ 3 ಎಂಎಲ್, ಅಂದರೆ ಕೆಜಿಗೆ 0.1 ಯೂನಿಟ್. ಬಲಗೈಯಲ್ಲಿ ಗಂಟೆಗೆ 130 ಎಂಎಲ್ ಸಲೈನ್, 500ರ ಬಾಟಲಿಗೆ ಒಂದು ಆಂಪ್ಯೂಲ್ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ 5.1 ಇದೆ, ಕಡಿಮೆಯೇನಿಲ್ಲ, ಆದರೂ ಕೊಡುತ್ತೇವೆ. ಅವಳ ಮೈಯಿಂದ ದಿನಗಟ್ಟಲೆ ಮೂತ್ರದಲ್ಲಿ ಪೊಟ್ಯಾಸಿಯಂ ಹರಿದುಹೋಗಿದೆ. ಉಳಿದದ್ದು ಕೋಶಗಳಿಂದ ಹೊರಬಂದು ರಕ್ತದಲ್ಲಿ ನಿಂತಿರುವುದರಿಂದ ಅಂಕಿ ತುಂಬಿದಂತೆ ಕಾಣುತ್ತದೆ, ಅಷ್ಟೆ. ಇನ್ಸುಲಿನ್ ಕೆಲಸ ಶುರುಮಾಡಿದ ಕೂಡಲೇ ಅದು ಕೋಶಗಳಿಗೆ ವಾಪಸು ನುಗ್ಗುತ್ತದೆ, ರಕ್ತದಲ್ಲಿ ದಿಢೀರನೆ ಕುಸಿಯುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಡಿಕೆಎಯಲ್ಲಿ ಚಿಕಿತ್ಸೆಯೇ ಜೀವ ತೆಗೆಯಬಲ್ಲ ದಾರಿಗಳಲ್ಲಿ ಇದು ಒಂದು.

ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ ಗಂಟೆಗೊಂದು ಕಂಬ. ನಾಡಿ, ಬಿಪಿ, ಉಸಿರು, ಪ್ರಜ್ಞೆ, ಕಣ್ಣಿನ ಪಾಪೆ, ಒಳಗೆ ಹೋದ ನೀರು, ಹೊರಗೆ ಬಂದ ಮೂತ್ರ, ಸಕ್ಕರೆ, ಕೀಟೋನ್. 12.30ರ ಕಂಬದಲ್ಲಿ ಸಕ್ಕರೆ 528, ಕೀಟೋನ್ 6.3. ಇನ್ನೂ ಇನ್ಸುಲಿನ್‌ನ ಒಂದು ಹನಿಯೂ ಹೋಗಿರಲಿಲ್ಲ, ಆಗಲೇ ಸಕ್ಕರೆ 84 ಇಳಿದಿದೆ. ಬರೀ ನೀರಿನಿಂದ. ರಕ್ತ ತೆಳುವಾಯಿತು, ಕಿಡ್ನಿಗೆ ಹರಿವು ಸಿಕ್ಕಿತು, ಸಕ್ಕರೆ ಮೂತ್ರಕ್ಕೆ ಹೋಯಿತು. ಕೀಟೋನ್ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

1.30. ಸಕ್ಕರೆ 462. ಕೀಟೋನ್ 5.8. 0.5 ಇಳಿದಿದೆ. ಗಂಟೆಗೆ ಅರ್ಧ ಮಿಲಿಮೋಲ್ ಇಳಿದರೆ ಚಿಕಿತ್ಸೆ ಹಳಿಯ ಮೇಲಿದೆ ಎಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಪೊಟ್ಯಾಸಿಯಂ 4.6. ಪಿಜಿಯ ಮುಖದಲ್ಲಿ ಗೆಲುವು. ಸ್ವಲ್ಪ ಹೊತ್ತಿಗೆ ಹುಡುಗಿ ಹೊರಳಿ, ಎಡಗೈ ಊರಿ ಮಂಚದಾಚೆ ವಾಂತಿ ಮಾಡುತ್ತಾಳೆ. ತಾಯಿ ಹಣೆ ಹಿಡಿಯುತ್ತಾರೆ. ಸಿಸ್ಟರ್ ಬಾಯಿ ಒರೆಸಿ, ಮಗ್ಗುಲಿಗೆ ಮಲಗಿಸಿ, ಹೊದಿಕೆ ಕೈಗಳ ಮೇಲಕ್ಕೆ ಎಳೆಯುತ್ತಾರೆ. ವಾರ್ಡಿನ ಎ.ಸಿ. ಚಳಿ.

ಈ ಹೊತ್ತಿನಲ್ಲಿ ನಾನು ಯಾವಾಗಲೂ ಯೋಚಿಸುವುದು ಒಂದೇ. ನಾವು ನೋಡುತ್ತಿರುವುದು ರಕ್ತವನ್ನು. ಕಾಯಿಲೆ ನಡೆಯುತ್ತಿರುವುದು ರಕ್ತದಾಚೆ, ಹೊಟ್ಟೆಯ ಚರ್ಮದ ಅಡಿಯ ಕೊಬ್ಬಿನಲ್ಲಿ, ಲಿವರಿನಲ್ಲಿ, ಮಿದುಳಿನಲ್ಲಿ. ಅಲ್ಲಿಗೇ ಇಣುಕುವ ದಾರಿಯೂ ಇದೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ, ಕರೋಲಿನ್ಸ್ಕಾ ಸಂಸ್ಥೆಯ ಉರ್ಬನ್ ಉಂಗರ್‌ಸ್ಟೆಡ್ 1970ರ ದಶಕದಲ್ಲಿ ರೂಪಿಸಿದ ಮೈಕ್ರೋಡಯಾಲಿಸಿಸ್. ತೀರಾ ತೆಳುವಾದ ಕೊಳವೆ, ತುದಿಯಲ್ಲಿ ಸೂಕ್ಷ್ಮ ರಂಧ್ರಗಳ ಪೊರೆ. ಅದನ್ನು ಚರ್ಮದಡಿಯ ಕೊಬ್ಬಿನಲ್ಲೋ ಮಿದುಳಿನಲ್ಲೋ ಇಟ್ಟು ಒಳಗೆ ಲವಣದ್ರವ ಹರಿಸುತ್ತಾರೆ, ನಿಮಿಷಕ್ಕೆ 0.3 ಮೈಕ್ರೋಲೀಟರ್. ಕೋಶಗಳ ನಡುವಿನ ನೀರಿನಲ್ಲಿರುವ ಸಣ್ಣ ಅಣುಗಳು ಪೊರೆ ದಾಟಿ ಬರುತ್ತವೆ. ಗಂಟೆಯಾದ ಮೇಲೆ ಸಿಗುವುದು 18 ಮೈಕ್ರೋಲೀಟರ್, ಒಂದು ಹನಿಗಿಂತ ಕಡಿಮೆ. ಮಂಚದ ಪಕ್ಕದ ಯಂತ್ರ ಅಷ್ಟರಲ್ಲೇ ಗ್ಲೂಕೋಸ್, ಲ್ಯಾಕ್ಟೇಟ್, ಪೈರುವೇಟ್, ಗ್ಲಿಸರಾಲ್ ಅಳೆದು ಹೇಳುತ್ತದೆ. ತಲೆಗೆ ಪೆಟ್ಟಾದವರ ಐಸಿಯುಗಳಲ್ಲಿ ಅದು ಹೆಚ್ಚು ಬಳಕೆಗೆ ಬಂತು. ಲ್ಯಾಕ್ಟೇಟ್ ಪೈರುವೇಟುಗಳ ಅನುಪಾತ ಏರಿದರೆ ಮಿದುಳಿನ ಕೋಶಗಳು ಸಂಕಟದಲ್ಲಿವೆ ಎಂದು ಅರ್ಥ.

ಡಿಕೆಎಯಲ್ಲಿ ನನ್ನ ಆಸೆ ಗ್ಲಿಸರಾಲ್ ಮೇಲೆ. ಕೊಬ್ಬಿನ ಕೋಶ ತಾನು ಒಡೆದ ಗ್ಲಿಸರಾಲನ್ನು ಮತ್ತೆ ಬಳಸಿಕೊಳ್ಳಲಾರದು. ಅದಕ್ಕೆ ಬೇಕಾದ ಕಿಣ್ವ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟು ಕೊಬ್ಬು ಕರಗುತ್ತಿದೆಯೋ ಅಷ್ಟು ಗ್ಲಿಸರಾಲ್ ಆಚೆ ಬರಲೇಬೇಕು. ಇನ್ಸುಲಿನ್ ಆ ಕೋಶಕ್ಕೆ ತಲುಪಿತೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಇನ್ನೊಂದಿಲ್ಲ. ನಮ್ಮ ವಾರ್ಡಿನಲ್ಲಿ ಆ ಯಂತ್ರ ಇಲ್ಲ. ಬೆರಳ ತುದಿಯ ಹನಿಯಲ್ಲಿ ಕಾಣುವ ಕೀಟೋನ್ ಅದರ ಬದಲಿಗೆ ನಿಲ್ಲಬೇಕು. ತೋಳಿಗೆ ಅಂಟಿಸುವ ಸೆನ್ಸರುಗಳನ್ನು ನೀವು ನೋಡಿರುತ್ತೀರಿ. ಅವು ಅಳೆಯುವುದೂ ಚರ್ಮದಡಿಯ ನೀರಿನ ಸಕ್ಕರೆಯನ್ನೇ. ಮೈ ಇಷ್ಟು ಒಣಗಿ, ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದಿರುವಾಗ ಆ ಅಂಕಿಯನ್ನು ನಂಬಿ ಪಂಪು ತಿರುಗಿಸಲಾಗದು.

2.30. ಸಕ್ಕರೆ 398, ಕೀಟೋನ್ 5.7.

3 ಗಂಟೆಗೆ ಹುಡುಗಿ ಕಣ್ಣು ಬಿಟ್ಟು, “ಅಮ್ಮ, ತಲೆ ನೋಯ್ತಿದೆ” ಅನ್ನುತ್ತಾಳೆ.

ಈ ಮಾತು ಕೇಳಿದರೆ ಮಕ್ಕಳ ವೈದ್ಯರ ಹೊಟ್ಟೆಯಲ್ಲಿ ಸಂಕಟ ಏಳುತ್ತದೆ. ಡಿಕೆಎ ಆದ ಮಕ್ಕಳಲ್ಲಿ ನೂರಕ್ಕೆ ಒಬ್ಬರಿಗೆ, ಇಲ್ಲವೇ ಅದಕ್ಕೂ ಕಡಿಮೆ ಜನಕ್ಕೆ, ಮಿದುಳು ಊದಿಕೊಳ್ಳುತ್ತದೆ. ಊದಿಕೊಂಡವರಲ್ಲಿ ಐವರಿಗೆ ಒಬ್ಬರಂತೆ ಕಳೆದುಕೊಳ್ಳುತ್ತೇವೆ. ಬರುವುದು ಹೆಚ್ಚಾಗಿ ಚಿಕಿತ್ಸೆಯ ಮೊದಲ 12 ಗಂಟೆಯೊಳಗೆ, ಎಲ್ಲ ಸರಿಹೋಗುತ್ತಿದೆ ಅನಿಸುವಾಗ. ಟಾರ್ಚ್ ಬಿಡುತ್ತೇನೆ: ಎರಡೂ ಪಾಪೆ ಸಮ, ಚುರುಕಾಗಿ ಕುಗ್ಗುತ್ತವೆ. ನಾಡಿ 116, ಮಿದುಳಿನ ಒತ್ತಡ ಏರಿದ್ದರೆ ನಾಡಿ ನಿಧಾನವಾಗಬೇಕಿತ್ತು. ಬಿಪಿ ಏರಿಲ್ಲ. “ಪುಟ್ಟಿ, ನಿನ್ ಸ್ಕೂಲ್ ಎಲ್ಲಿ?” ಊರ ಹೆಸರು ಹೇಳುತ್ತಾಳೆ. “ಮಿಸ್ ಹೆಸರೇನು?” ಅದೂ ಸರಿ. ತಲೆಯ ಕಡೆ ಮಂಚ ಏರಿಸಿ, ಮ್ಯಾನಿಟಾಲ್ ಬಾಟಲಿಯನ್ನು ಡೋಸ್ ಬರೆದು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಡಿಸುತ್ತೇನೆ. ಬೇಕಾದಾಗ ಹುಡುಕುತ್ತ ಹೋಗುವ ಔಷಧ ಅದಲ್ಲ.

3.30. ಸಕ್ಕರೆ 346.

“ಮೇಡಂ, ಶುಗರ್ ಚೆನ್ನಾಗಿ ಇಳೀತಿದೆ. ತಲೆನೋವು ಬೇರೆ ಅಂತಿದಾಳೆ. ಇನ್ಸುಲಿನ್ ಅರ್ಧಕ್ಕೆ ಇಳಿಸೋಣ್ವಾ?” ಪಿಜಿ ಕೇಳುತ್ತಾನೆ. ಅವನ ಪ್ರಶ್ನೆ ಪೆದ್ದು ಪ್ರಶ್ನೆಯೇನಲ್ಲ. ಗಂಟೆಗೆ 60ರ ಆಸುಪಾಸಿನಂತೆ ಹದವಾಗಿ ಇಳಿಯುತ್ತಿರುವ ಸಕ್ಕರೆಯ ಗೆರೆ ಚಾರ್ಟಿನ ಮೇಲೆ ಎಷ್ಟು ಅಂದವಾಗಿದೆ ನೋಡಿ. ಕೀಟೋನ್ ಮೀಟರ್ ಇಲ್ಲದ ಆಸ್ಪತ್ರೆಯಾಗಿದ್ದರೆ ನಾವೆಲ್ಲ ಆ ಗೆರೆ ನೋಡಿಯೇ ಸಮಾಧಾನಪಟ್ಟಿರುತ್ತಿದ್ದೆವು.

“ಕೀಟೋನ್ ಎಷ್ಟು?”

10 ಸೆಕೆಂಡ್. 5.9.

ಇಳಿದಿಲ್ಲ. ಏರಿದೆ. ಗ್ಯಾಸ್ ಮಾಡಿಸಿದರೆ ಪಿಎಚ್ 7.09; ನಾಲ್ಕು ಗಂಟೆಯಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಪೊಟ್ಯಾಸಿಯಂ 4.3, ಅದೂ ಇಳಿಯಬೇಕಾದಷ್ಟು ಇಳಿದಿಲ್ಲ. ಮೂರೂ ಒಂದೇ ಕಡೆ ಬೆರಳು ತೋರುತ್ತಿವೆ: ಇನ್ಸುಲಿನ್ ಮಗುವಿಗೆ ಹೋಗುತ್ತಿಲ್ಲ. ಆದರೆ ಪಂಪಿನ ಹಸಿರು ದೀಪ ಉರಿಯುತ್ತಿದೆ, ತೆರೆಯ ಮೇಲೆ ಗಂಟೆಗೆ 3 ಎಂಎಲ್ ಎಂದೇ ಇದೆ, ಸಿರಿಂಜಿನಲ್ಲಿ ದ್ರವವೂ ಲೆಕ್ಕದಂತೆ ಕಡಿಮೆಯಾಗಿದೆ. ಸೀಸೆ ನೋಡುತ್ತೇವೆ, ಸರಿ. ಬೆರಕೆ ನೋಡುತ್ತೇವೆ, ಸರಿ. ಮೂರು ಬಾಯಿಯ ಕೀಲಿ ನೋಡುತ್ತೇವೆ, ತೆರೆದೇ ಇದೆ.

ಸಿಸ್ಟರ್ ಮಾತಾಡದೆ ಹೊದಿಕೆ ಸರಿಸಿ ಎಡಗೈ ಎತ್ತುತ್ತಾರೆ. ಪ್ಲಾಸ್ಟರಿನ ಅಂಚಿನಿಂದ ಮೇಲಕ್ಕೆ ಹೆಬ್ಬೆರಳಲ್ಲಿ ನಿಧಾನವಾಗಿ ಒತ್ತುತ್ತ ಹೋಗುತ್ತಾರೆ. ಮುಂಗೈ ಹಿಂಭಾಗದಲ್ಲಿ ಒಂದು ಕಡೆ ಚರ್ಮ ತಣ್ಣಗಿದೆ, ಬಿಗಿದಿದೆ, ಹೊಳೆಯುತ್ತಿದೆ. ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ. ಬಲಗೈಯನ್ನೂ ಪಕ್ಕಕ್ಕೆ ಹಿಡಿದು ಹೋಲಿಸುತ್ತಾರೆ.

“ಲೈನ್ ಔಟ್ ಆಗಿದೆ ಮೇಡಂ. ವಾಂತಿ ಮಾಡೋವಾಗ ಕೈ ಊರಿದ್ಲಲ್ಲ, ಆಗಲೇ.”

ಸೂಜಿ ರಕ್ತನಾಳದಿಂದ ಜಾರಿ ಎರಡು ಗಂಟೆಯಾಗಿದೆ. ಗಂಟೆಗೆ ಮೂರೇ ಎಂಎಲ್. ಆ ಪ್ರಮಾಣಕ್ಕೆ ಕೈ ಎದ್ದು ಕಾಣುವಂತೆ ಊದುವುದಿಲ್ಲ, ಪಂಪಿಗೂ ಎದುರೊತ್ತಡ ಸಿಗುವುದಿಲ್ಲ, ಅದು ಕೂಗಿಕೊಳ್ಳುವುದಿಲ್ಲ. ನಾಳಕ್ಕೆ ಹೋಗುವ ಇನ್ಸುಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಹರಿವು ತಪ್ಪಿತೆಂದರೆ ಕೊಬ್ಬು ಕರಗುವುದಕ್ಕೆ ತಡೆಯೇ ಇಲ್ಲ. ಇತ್ತ ಬಲಗೈಯ ಸಲೈನ್ ತನ್ನ ಕೆಲಸ ಮಾಡುತ್ತ ಸಕ್ಕರೆಯನ್ನು ಇಳಿಸುತ್ತಲೇ ಇದ್ದಿತು. ನಾವು ಕಂಡ ಅಂದವಾದ ಗೆರೆ ನೀರು ಎಳೆದದ್ದು.

ಇದು ಹೊಸ ಪಾಠವೂ ಅಲ್ಲ. 1922ರ ಜನವರಿ 11ರಂದು ಟೊರೊಂಟೊ ಜನರಲ್ ಆಸ್ಪತ್ರೆಯಲ್ಲಿ ಬಾಲಕ ಲಿಯೊನಾರ್ಡ್ ಥಾಂಪ್ಸನ್‌ಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಇನ್ಸುಲಿನ್ ಸಾರವನ್ನು ಮೊದಲ ಸಲ ಚುಚ್ಚಿದಾಗ ರಕ್ತದ ಸಕ್ಕರೆ 440ರಿಂದ 320ಕ್ಕೆ ಇಳಿಯಿತು. ಕೀಟೋನ್ ಇಳಿಯಲಿಲ್ಲ. ಅಲ್ಲಿನ ವೈದ್ಯರು ಅದನ್ನು ಗೆಲುವೆಂದು ಕರೆಯಲಿಲ್ಲ, ಚುಚ್ಚುಮದ್ದು ನಿಲ್ಲಿಸಿದರು. ಜೇಮ್ಸ್ ಕಾಲಿಪ್ ಶುದ್ಧಗೊಳಿಸಿದ ಸಾರ ಕೈಗೆ ಬಂದಮೇಲೆ ಜನವರಿ 23ರಿಂದ ಮತ್ತೆ ಕೊಟ್ಟರು. ಸಕ್ಕರೆ 520ರಿಂದ 120ಕ್ಕೆ ಬಂತು, ಮೂತ್ರದಲ್ಲಿ ಕೀಟೋನ್ ಕಾಣದಾಯಿತು. ಅವರು ಕಾದದ್ದು ಆ ಎರಡನೆಯದಕ್ಕೆ.

3.45. ಮೊಣಕೈ ಕೆಳಗೆ ಹೊಸ ಸೂಜಿ. ಈ ಸಲ ಹಲಗೆ ಕಟ್ಟಿ, ಹೊದಿಕೆಯ ಹೊರಗೆ. ಕಳೆದ ಎರಡು ಗಂಟೆಯದನ್ನು ಸೇರಿಸಿ ಹೆಚ್ಚು ಕೊಡುವ ಮಾತಿಲ್ಲ. ಮುಂಗೈಯಲ್ಲಿ ನಿಂತಿರುವ ಇನ್ಸುಲಿನ್ ರಕ್ತಕ್ಕೆ ನಿಧಾನಕ್ಕೆ ಸೇರುತ್ತದೆ, ಒಟ್ಟಿಗೆ ಬಿದ್ದರೆ ಕಷ್ಟ. ಅದೇ 3 ಎಂಎಲ್.

4.45. ಸಕ್ಕರೆ 291, ಕೀಟೋನ್ 5.2. 0.7 ಇಳಿದಿದೆ. ಪಿಜಿ ಏನೂ ಹೇಳದೆ ಚಾರ್ಟಿನಲ್ಲಿ ಆ ಅಂಕಿಯ ಸುತ್ತ ಸುತ್ತುಹಾಕುತ್ತಾನೆ. ಸಕ್ಕರೆ 300ರ ಒಳಗೆ ಬಂದದ್ದರಿಂದ ಸಿಸ್ಟರ್ ಹೊಸ ಬಾಟಲಿ ಏರಿಸುತ್ತಾರೆ, 5 ಪರ್ಸೆಂಟ್ ಡೆಕ್ಸ್ಟ್ರೋಸ್ ಸೇರಿದ ಸಲೈನ್. ತಾಯಿ ಬಾಟಲಿಯ ಮೇಲಿನ ಅಕ್ಷರ ಓದಿ ಎದ್ದು ನಿಲ್ಲುತ್ತಾರೆ.

“ಸಕ್ಕರೆ ಜಾಸ್ತಿ ಅಂತೀರಾ, ಗ್ಲೂಕೋಸ್ ಹಾಕ್ತಿದೀರಲ್ಲ ಮೇಡಂ? ನಾವ್ ಕುಡಿಸಿದ್ದು ತಪ್ಪು ಅಂದ್ರೆ ಇದು?”

ಈ ರಾತ್ರಿ ಕೇಳಿದ ಪ್ರಶ್ನೆಗಳಲ್ಲೆಲ್ಲ ಇದೇ ಮುಖ್ಯವಾದದ್ದು. ನಾನು ಸ್ಟೂಲ್ ಎಳೆದು ಕೂರುತ್ತೇನೆ.

“ಆ ಪಂಪಲ್ಲಿ ಹೋಗ್ತಿರೋ ಔಷಧಿ ನಿಲ್ಲಿಸೋ ಹಾಗಿಲ್ಲಮ್ಮ. ಇವಳ ಮೈಲಿ ಒಂದು ಆಸಿಡ್ ತುಂಬಿದೆ, ಅದು ಇಳೀಬೇಕಾದ್ರೆ ಇನ್ನೂ ಏಳೆಂಟು ಗಂಟೆ ಆ ಔಷಧಿ ಹೋಗ್ತಾನೇ ಇರಬೇಕು. ಅಷ್ಟರಲ್ಲಿ ಸಕ್ಕರೆ ಪೂರ್ತಿ ಇಳಿದುಹೋದ್ರೆ ಫಿಟ್ಸ್ ಬರುತ್ತೆ. ಅದಕ್ಕೆ ಸಕ್ಕರೇನ ನಾವೇ ಸ್ವಲ್ಪ ಸ್ವಲ್ಪ ಕೊಡ್ತಾ ಔಷಧಿ ಬಿಡ್ತಾ ಇದೀವಿ. ಔಷಧಿ ಇಲ್ದೆ ಗ್ಲೂಕೋಸ್ ಕೊಟ್ರೆ ಕೆಟ್ಟದ್ದು. ಔಷಧಿ ಜೊತೆ ಕೊಟ್ರೆ ಅದು ಊಟ.”

ತಾಯಿ ತಲೆಯಾಡಿಸುತ್ತಾರೆ. ಅರ್ಥವಾಗಿದೆ. ನನಗಿಂತ ದೊಡ್ಡ ದೊಡ್ಡ ಡಿಗ್ರಿ ಇಟ್ಟುಕೊಂಡವರೂ ಇದೇ ಜಾಗದಲ್ಲಿ ಪಂಪು ನಿಲ್ಲಿಸಿದ್ದನ್ನು ನೋಡಿದ್ದೇನೆ. ಸಕ್ಕರೆ 200ಕ್ಕೆ ಬಂತು, ಇನ್ಸುಲಿನ್ ಸಾಕು ಎಂದು. ನಾಲ್ಕು ಗಂಟೆಯ ಮೇಲೆ ಮಗು ಮತ್ತೆ ಅದೇ ಉಸಿರು ಎಳೆಯತೊಡಗುತ್ತದೆ.

ಬೆಳಗಾಗುತ್ತಿದೆ. 5.45ಕ್ಕೆ ಸಕ್ಕರೆ 238, ಕೀಟೋನ್ 4.5, ಪೊಟ್ಯಾಸಿಯಂ 3.6. ನಾನು ಕಾಯುತ್ತಿದ್ದ ಇಳಿತ ಇದು. ಇನ್ಸುಲಿನ್ ಕೋಶಕ್ಕೆ ತಲುಪಿದೆ ಎಂಬುದಕ್ಕೆ ಇನ್ನೊಂದು ರುಜು. ಬಾಟಲಿಗೆ ಅರ್ಧ ಆಂಪ್ಯೂಲ್ ಪೊಟ್ಯಾಸಿಯಂ ಹೆಚ್ಚಿಸುತ್ತೇವೆ. ಮಾನಿಟರಿನ ಮೇಲೆ ಹೃದಯದ ಅಲೆ ನೋಡುತ್ತೇವೆ, ಟಿ ಅಲೆ ಚಪ್ಪಟೆಯಾಗಿಲ್ಲ. ಉಸಿರು ನಿಮಿಷಕ್ಕೆ 28. ತಲೆನೋವು ಹೋಗಿದೆಯಂತೆ.

ಹೌಸ್ ಸರ್ಜನ್ ಹುಡುಗಿಯೊಬ್ಬಳು ಮೂತ್ರದ ಪಟ್ಟಿ ಹಿಡಿದು ಗಾಬರಿಯಿಂದ ಬರುತ್ತಾಳೆ. “ಮೇಡಂ, ಕೀಟೋನ್ ಮೂರು ಪ್ಲಸ್ ಇತ್ತು, ಈಗ ನಾಕು ಪ್ಲಸ್ ಆಗಿದೆ!” ಪಟ್ಟಿಯ ಚೌಕ ಕಡು ನೇರಳೆ. ಅವಳನ್ನು ನಿಲ್ಲಿಸಿಕೊಂಡು ಹೇಳಬೇಕು. ಮೆಡಿಕಲ್ ಓದಿದವರೆಲ್ಲ ಮೊದಲ ವರ್ಷ ಮಾಡಿದ ರೊಥೆರಾ ಪರೀಕ್ಷೆ, ಅದೇ ನೇರಳೆ ಉಂಗುರ. ರೊಥೆರಾ ಅದನ್ನು ಪ್ರಕಟಿಸಿದ್ದು 1908ರಲ್ಲಿ. ಈ ಪಟ್ಟಿಯಲ್ಲಿರುವುದೂ ಆ ಪರೀಕ್ಷೆಯ ರಾಸಾಯನಿಕವಾದ ನೈಟ್ರೋಪ್ರಸೈಡ್. ಅದು ಹಿಡಿಯುವುದು ಇನ್ನೊಂದು ಕೀಟೋನಾದ ಅಸಿಟೋಅಸಿಟೇಟನ್ನು. ಡಿಕೆಎಯಲ್ಲಿ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅದರ ಮೂರು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟಿನವರೆಗೂ ಇರುತ್ತದೆ. ಪಟ್ಟಿಗೆ ಅದು ಕಾಣುವುದೇ ಇಲ್ಲ. ಮಗು ಸುಧಾರಿಸತೊಡಗಿದಾಗ ಆ ಬೀಟಾ ಮರಳಿ ಅಸಿಟೋಅಸಿಟೇಟ್ ಆಗುತ್ತದೆ. ಪಟ್ಟಿ ಇನ್ನಷ್ಟು ಕಡುವಾಗುತ್ತದೆ. ಗುಣವಾಗುತ್ತಿರುವ ಮಗು ಪಟ್ಟಿಯಲ್ಲಿ ಕೆಡುತ್ತಿರುವಂತೆ ಕಾಣುತ್ತದೆ. ಕಾಯಿಲೆ ಇದೆಯೇ ಎಂದು ಕೇಳಲು ಪಟ್ಟಿ ಸಾಕು. ಇಳಿಯುತ್ತಿದೆಯೇ ಎಂದು ಅದನ್ನು ಕೇಳಬಾರದು.

ನನಗೆ ಸಿಟ್ಟು ಬರುವುದು ಇಲ್ಲಿ. ರಕ್ತದ ಕೀಟೋನ್ ಪಟ್ಟಿ ಸಕ್ಕರೆಯ ಪಟ್ಟಿಗಿಂತ ತುಟ್ಟಿ, ಆದ್ದರಿಂದಲೇ ನಮ್ಮಲ್ಲೂ ಅದು ಬೀಗದ ಬೀರುವಿನಲ್ಲಿ ಇರುತ್ತದೆ, ಎಣಿಸಿ ಕೊಡುತ್ತಾರೆ. ಎಷ್ಟೋ ಚಿಕ್ಕ ಆಸ್ಪತ್ರೆಗಳಲ್ಲಿ ಆ ಮೀಟರ್ ಇಲ್ಲವೇ ಇಲ್ಲ. ಇಲ್ಲದವರು ಕೈಕಟ್ಟಿ ಕೂರಬೇಕಿಲ್ಲ, ನಿಜ. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬೊನೇಟ್ ಕಳೆದರೆ ಉಳಿಯುವ ಅಂತರ ಆಮ್ಲದ ಲೆಕ್ಕ ಕೊಡುತ್ತದೆ. ಇವಳಿಗೆ ಬಂದಾಗ ಅದು 28 ಇತ್ತು, 12ರ ಆಸುಪಾಸಿನಲ್ಲಿ ಇರಬೇಕಾದದ್ದು. ಆದರೆ ರಾತ್ರಿ ಮೂರೂವರೆಗೆ ಲ್ಯಾಬು ತೆರೆದಿರಬೇಕಲ್ಲ. ಹತ್ತು ಸೆಕೆಂಡಿನಲ್ಲಿ ಉತ್ತರ ಕೊಡುವ ಪಟ್ಟಿಯೊಂದು ಹೆರಿಗೆ ವಾರ್ಡಿನ ಕೈಗವಸಿನಷ್ಟು ಮಾಮೂಲಾಗಿ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಬೇಕು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. 7 ಗಂಟೆಗೆ 3.7. 9ಕ್ಕೆ 2.6. 11ಕ್ಕೆ 1.5. ಮಧ್ಯಾಹ್ನ 1 ಗಂಟೆಗೆ 0.8, ಪಿಎಚ್ 7.34. ಹುಡುಗಿ ಎದ್ದು ಕೂತು ಎರಡು ಇಡ್ಲಿ ಕೇಳಿದಳು. ಊಟಕ್ಕೆ ಮುಂಚೆ ಚರ್ಮದಡಿಯ ಇನ್ಸುಲಿನ್ ಕೊಟ್ಟು, ಅದು ಕೆಲಸಕ್ಕೆ ಹತ್ತುವವರೆಗೂ ಪಂಪು ಓಡಲು ಬಿಟ್ಟು, ಆಮೇಲೆ ತೆಗೆದೆವು. ಇಲ್ಲೂ ಒಂದು ಬಿರುಕು ಬಿಟ್ಟರೆ ಕೀಟೋನ್ ಮತ್ತೆ ಹೆಡೆ ಎತ್ತುತ್ತದೆ.

ಎರಡನೇ ದಿನ ಸಂಜೆ ವಾರ್ಡಿನಲ್ಲಿ ಸಿಸ್ಟರ್ ತಂದೆ ತಾಯಿಗೆ ಇನ್ಸುಲಿನ್ ಎಳೆಯುವುದನ್ನು ಕಲಿಸುತ್ತಿದ್ದಾರೆ. ಕೆಂಪು ಮುಚ್ಚಳ, ನಲವತ್ತು. ಮನೆಯಲ್ಲಿ ಫ್ರಿಜ್ ಇಲ್ಲ ಅನ್ನುತ್ತಾರೆ ತಂದೆ. ಮಣ್ಣಿನ ಮಡಕೆಯೊಳಗೆ ಇನ್ನೊಂದು ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಸೀಸೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಳಗೆ. ಮರಳು ಒಣಗಲು ಬಿಡಬೇಡಿ. ಅದನ್ನು ಅವರು ಬೇಗ ಹಿಡಿದುಕೊಂಡರು. ಆಮೇಲೆ ಒಂದು ಪ್ರಶ್ನೆ.

“ಜ್ವರ, ವಾಂತಿ ಬಂದು ಏನೂ ತಿನ್ನಲ್ಲ ಅಂದ ದಿನ ಇಂಜೆಕ್ಷನ್ ಬಿಡಬಹುದಲ್ವಾ ಸಿಸ್ಟರ್? ತಿನ್ನದೇ ಇದ್ರೆ ಸಕ್ಕರೆ ಎಲ್ಲಿಂದ ಬರುತ್ತೆ?”

“ಆ ದಿನವೇ ಬಿಡೋ ಹಾಗಿಲ್ಲ ಅಣ್ಣ. ಡೋಸ್ ಕಮ್ಮಿ ಮಾಡ್ಬೇಕಾ ಜಾಸ್ತಿ ಮಾಡ್ಬೇಕಾ ಅಂತ ಫೋನ್ ಮಾಡಿ ಕೇಳಿ. ಪೂರ್ತಿ ಮಾತ್ರ ಬಿಡಬೇಡಿ. ಈ ಡಬ್ಬಿ ಪಟ್ಟಿ ಒಂದಕ್ಕೆ ಹೋದಾಗ ಅದ್ದಿ ನೋಡಿ. ಬಣ್ಣ ತಿರುಗಿದ್ರೆ, ಇಲ್ಲಾ ಉಸಿರು ಅವತ್ತಿನ ಹಾಗೆ ಆದ್ರೆ, ಸಕ್ಕರೆ ಎಷ್ಟೇ ಇರ್ಲಿ, ಸೀದಾ ಹೊರಟು ಬನ್ನಿ. ಏನ್ ಮಾಡ್ತೀರಾ, ಈಗ ನೀವ್ ಹೇಳಿ.”

“ಇಂಜೆಕ್ಷನ್ ಬಿಡಲ್ಲ. ಫೋನ್ ಮಾಡ್ತೀನಿ.”

“ಪಟ್ಟಿ?”

“ಅದ್ದಿ ನೋಡ್ತೀನಿ. ಬಣ್ಣ ಬಂದ್ರೆ ಹೊರಟು ಬರ್ತೀವಿ.”

“ಸಕ್ಕರೆ ಕಮ್ಮಿ ಇದ್ರೆ?”

“ಆದ್ರೂ ಬರ್ತೀವಿ.”